ರಾಮನಿಗೂ ಮೈಕ್ ಕೊಡದ ಯುವ ಹಬ್ಬ

ಮಾನ್ಯ ಸಂಪಾದಕರೇ,

ಧಾರವಾಡದ ಯುವ ಸಾಹಿತ್ಯ–ಕಲಾ ಹಬ್ಬದ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಎಲ್ಲ ಇದೆ ಅದರಲ್ಲಿ. ದೀಪ ಹಚ್ಚಿದವರು ಯಾರು, ಪಕ್ಕ ನಿಂತವರು ಯಾರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಒಬ್ಬರೂ ಬಿಟ್ಟುಹೋಗಿಲ್ಲ. ಕಟ್ಟಕಡೆಗೆ ಒಂದು ಸಾಲು: ‘ಉತ್ತರ ಕನ್ನಡದ ವಿದ್ಯಾರ್ಥಿಗಳು ಆಕರ್ಷಕ ಯಕ್ಷಗಾನ ಕುಣಿತ ಪ್ರದರ್ಶಿಸಿದರು.’ ಸ್ವಾಮಿ, ನಮ್ಮ ಮಕ್ಕಳು ಮಾಡಿದ್ದು ತಾಳಮದ್ದಲೆ. ವೇಷ ಇಲ್ಲ, ಗೆಜ್ಜೆ ಇಲ್ಲ, ಹೆಜ್ಜೆ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತು ಮಾತಾಡುತ್ತಾರೆ. ಕೂತಲ್ಲೇ ಹೇಗೆ ಕುಣಿದರೋ ನಿಮ್ಮ ವರದಿಗಾರರೇ ಹೇಳಬೇಕು. ಬಹುಶಃ ಅವರು ಆಗ ಊಟಕ್ಕೆ ಹೋಗಿದ್ದರು. ತಪ್ಪಲ್ಲ, ಸಭಾಂಗಣದ ಮುಕ್ಕಾಲು ಪಾಲು ಅಲ್ಲೇ ಇತ್ತು.

ನಾನು ಕುಮಟಾದವನು, ಆ ತಂಡದ ಹುಡುಗಿಯೊಬ್ಬಳ ತಂದೆ. ಆಹ್ವಾನ ಪತ್ರಿಕೆಯಲ್ಲಿ ನಮ್ಮವರ ಹೊತ್ತು ಬೆಳಿಗ್ಗೆ 11.30. ಅದನ್ನು ನಂಬಿ ನಡುರಾತ್ರಿಯೇ ಮಕ್ಕಳನ್ನು ಎಬ್ಬಿಸಿ ಹೊರಟೆವು. ಬಸ್ಸಿನಲ್ಲಿ ಹೋಗೋಣ ಎಂದರೆ ಕಂಡಕ್ಟರ್ ಚಂಡೆ–ಮದ್ದಲೆಗೂ ಟಿಕೆಟ್ ತೆಗೆಯಬೇಕು ಎಂದ. ಹಾಗಾಗಿ ಟೆಂಪೊ ಮಾಡಿದ್ದು, ಬಾಡಿಗೆ ಪಾಲಕರದ್ದು. ದೇವಿಮನೆ ಘಟ್ಟದ ರಸ್ತೆ ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚಿರುತ್ತದೆ ಎಂದು ತಿಳಿಯಲು ಪಂಚಾಂಗವನ್ನೇ ನೋಡಬೇಕು. ಅದರ ಉಸಾಬರಿ ಬೇಡವೆಂದು ಅಂಕೋಲಾ, ಯಲ್ಲಾಪುರದ ಮೇಲೆ ಹೋದೆವು. ಗುಡ್ಡ ಕುಸಿದಿದ್ದ ಶಿರೂರು ದಾಟುವ ತನಕ ಚಾಲಕ ಬಾಯಿ ಬಿಡಲಿಲ್ಲ. ಅರಬೈಲು ಘಟ್ಟದಲ್ಲಿ ಕೆಟ್ಟು ನಿಂತ ಲಾರಿ, ಅದರ ಹಿಂದೆ ಸಾಲು, ಸಾಲಿನಲ್ಲಿ ನಾವು. ಒಬ್ಬ ಹುಡುಗನಿಗೆ ವಾಂತಿ. ಇಷ್ಟಾದರೂ 10 ಗಂಟೆಗೆ ಸಭಾಂಗಣದ ಬಾಗಿಲಲ್ಲಿದ್ದೆವು. ಇರದಿದ್ದವರು ಉದ್ಘಾಟಕರು.

ಅವರು ಬಂದಾಗ 12 ದಾಟಿತ್ತು. ಬಂದ ಮೇಲೆ ನಾಡಗೀತೆ, ದೀಪ. ಮೇಲೆ ಫ್ಯಾನ್ ತಿರುಗುತ್ತಿತ್ತು, ಬತ್ತಿ ಹೊತ್ತಿಕೊಳ್ಳಲಿಲ್ಲ. ಫ್ಯಾನ್ ನಿಲ್ಲಿಸಿ ಎಂದು ಹೇಳುವ ಧೈರ್ಯ ವೇದಿಕೆಯ ಮೇಲೆ ಒಬ್ಬರಿಗೂ ಬರಲಿಲ್ಲ, ಕೈ ಅಡ್ಡ ಹಿಡಿದು ಎಲ್ಲರೂ ಫೋಟೊಕ್ಕೆ ನಿಂತರು. ಆಮೇಲೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ, ಫಲಕ. ಸನ್ಮಾನ ಮಾಡಿದವರಿಗೂ ಮತ್ತೊಂದು ಶಾಲು. ‘ಎರಡೇ ಮಾತು’ ಎಂದು ಎದ್ದವರು ಯಾರೂ ಎರಡು ಮಾತಿಗೆ ಕೂರಲಿಲ್ಲ. ಯುವಜನರೇ ಕಟ್ಟಿದ ಹಬ್ಬ ಎಂದು ನೀವು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಯುವಜನರು ಇದ್ದದ್ದು ಹೌದು. ಕುರ್ಚಿ ಹೊತ್ತರು, ನೀರಿನ ಬಾಟಲಿ ಹಂಚಿದರು, ಸಾಹೇಬರ ಕಾರಿಗೆ ಜಾಗ ಬಿಡಿಸಿದರು. ವೇದಿಕೆಯ ಮೇಲೆ ಕೂತವರಲ್ಲಿ ತಲೆಗೆ ಬಣ್ಣ ಹಚ್ಚದೆಯೂ ಕೂದಲು ಕಪ್ಪಗಿದ್ದವರು ಒಬ್ಬರೂ ಕಾಣಲಿಲ್ಲ.

ಆ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹುಡುಗ ನಾನು ಕೇಳಿದಾಗೆಲ್ಲ ಓಡಿ ಬಂದು, ‘ಸರ, ನಮ್ಮ ಕೈಯಾಗ ಏನೂ ಇಲ್ರಿ, ಸಾಹೇಬ್ರು ಹೊಂಟಾರ, ಸನ್ಮಾನ ಮೊದ್ಲ ಮುಗಸ್ಬೇಕ್ರಿ’ ಎಂದು ಕೈಮುಗಿಯುತ್ತಿದ್ದ. ಅವನ ಕಣ್ಣಲ್ಲಿ ನೀರೊಂದು ಬಾಕಿ. ಹಬ್ಬ ಯಾರದ್ದು ಎಂದು ಅವನನ್ನೇ ಕೇಳಬೇಕಿತ್ತು.

ನಮ್ಮವರನ್ನು ಕೊನೆಗೂ ವೇದಿಕೆಗೆ ಕರೆದಾಗ ಮಧ್ಯಾಹ್ನ ಎರಡೂವರೆ. ‘ಹತ್ತು ನಿಮಿಷದಲ್ಲಿ ಮುಗಿಸಿ’ ಎಂಬ ಅಪ್ಪಣೆ ಬೇರೆ. ತಾಳಮದ್ದಲೆಯನ್ನು ಹತ್ತು ನಿಮಿಷಕ್ಕೆ! ನಮ್ಮ ಕಡೆ ಬೆಳಗಿನವರೆಗೂ ನಡೆಯುವ ಯಕ್ಷಗಾನದ ಆಟ, ತಾಳಮದ್ದಲೆಯ ಕೂಟಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಎಸಿ ತಂಪಿಗೆ ಮದ್ದಲೆಯ ಶ್ರುತಿ ಇಳಿಯುತ್ತಿತ್ತು, ಹುಡುಗ ತಟ್ಟಿ ತಟ್ಟಿ ಏರಿಸುತ್ತಿದ್ದ. ವಾಲಿ ಬಾಣ ತಿಂದು ಬಿದ್ದು ರಾಮನನ್ನು ಪ್ರಶ್ನಿಸುವ ಸನ್ನಿವೇಶ. ನನ್ನ ಮಗಳು ವಾಲಿ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೇನು ಅನ್ಯಾಯ ಮಾಡಿದ್ದೆ, ಇದು ಯಾವ ಸೀಮೆಯ ಕ್ಷತ್ರಿಯ ಧರ್ಮ ಎಂದು ಏರಿಸಿಕೊಂಡು ಬಂದು ನಿಲ್ಲಿಸಿದಳು. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ರಾಮ ಗಂಟಲು ಸರಿಮಾಡಿಕೊಂಡ, ‘ಎಲವೋ ವಾಲಿ’ ಎಂದ, ಮೈಕ್ ಕಟ್. ನಿರೂಪಕಿ ಬಂದು ‘ಅದ್ಭುತವಾದ ಪ್ರದರ್ಶನ’ ಎಂದು ಮುಂದಿನ ಗೋಷ್ಠಿಗೆ ಹೋಗಿಬಿಟ್ಟರು. ತಾಳಮದ್ದಲೆಯ ಜೀವವೇ ಆ ಉತ್ತರದಲ್ಲಿದೆ. ಅದಕ್ಕೆಂದೇ ರಾಮನ ಪಾತ್ರದ ಹುಡುಗ ಪರೀಕ್ಷೆಯ ಓದು ಬದಿಗಿಟ್ಟು ಕೂತಿದ್ದ. ಒಂದು ಮಾತೂ ಆಡದೆ, ಹೊತ್ತುಕೊಂಡ ಆರೋಪವನ್ನು ಹಾಗೇ ಹೊತ್ತುಕೊಂಡು ಘಟ್ಟ ಇಳಿದ.

ಇದಕ್ಕಿಂತ ಉರಿಸಿದ್ದು ಇನ್ನೊಂದು. ಅತಿಥಿಯೊಬ್ಬರು ‘ಕರಾವಳಿಯ ಯುವಕರಿಗೆ ಸಾಹಿತ್ಯದ ರುಚಿ ಹತ್ತಿಸಬೇಕಾಗಿದೆ’ ಎಂದರು, ನೀವು ಅದನ್ನೇ ಚೌಕಟ್ಟು ಕಟ್ಟಿ ಹಾಕಿದಿರಿ. ಚುಟುಕು ಬರೆಯುತ್ತಲೇ ರೈತರ ಜೊತೆ ನಿಂತು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದು, 1967ರಲ್ಲಿ ಲೋಕಸಭೆಗೂ ಹೋದ ದಿನಕರ ದೇಸಾಯಿಯವರು ಯಾವ ಜಿಲ್ಲೆಯವರು? ಗೋಕರ್ಣದ ಸಾಹಿತಿ ಗೌರೀಶ ಕಾಯ್ಕಿಣಿ? ಹನೇಹಳ್ಳಿಯ ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲ ಅಣ್ಣತಮ್ಮಂದಿರು? ಕವಿ ಎಕ್ಕುಂಡಿಯವರು ನಮ್ಮ ಬಂಕಿಕೊಡ್ಲದಲ್ಲಿ ಮಾಸ್ತರಿಕೆ ಮಾಡಿದ್ದು ಯಾರ ಮಕ್ಕಳಿಗೆ? ರವೀಂದ್ರನಾಥ ಠಾಕೂರರು ಕಾರವಾರದ ಕಡಲ ಬದಿಯಲ್ಲಿ ಕೂತು ನಾಟಕ ಬರೆದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಅವರಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರಾಗಿದ್ದರು. ಮೊನ್ನೆಯ ಸಭೆಗೆ ಬಂದಿದ್ದರೆ ಮಾತು ಸಿಗುತ್ತಿದ್ದದ್ದು ಅಣ್ಣನಿಗೆ, ಅವರು ಸರ್ಕಾರಿ ಅಧಿಕಾರಿಯಲ್ಲವೇ. ಧಾರವಾಡದವರಿಗೂ ಇದು ಹೊಸ ಪಾಠವೇನಲ್ಲ. ಬೇಂದ್ರೆಯವರು 1920ರ ದಶಕದಲ್ಲಿ ‘ಗೆಳೆಯರ ಗುಂಪು’ ಎಂಬ ಸಾಹಿತ್ಯ ಬಳಗ ಕಟ್ಟಿದಾಗ ಅವರೂ ಹುಡುಗರೇ, ಗೆಳೆಯರೂ ಹುಡುಗರೇ. ಶಾಲು ಹಿಡಿದು ಅಧಿಕಾರಿಗಳ ದಾರಿ ಕಾದು ಕಟ್ಟಿದ್ದಲ್ಲ.

ಅಧಿಕಾರಿಗಳ ಮಾತು ಬಂತು, ಇನ್ನು ಬಿಡುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಎಲ್ಲದಕ್ಕೂ ಘಟ್ಟ ಹತ್ತುವುದೇ ಹಣೆಬರಹ. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಹತ್ತಬೇಕು, ಹತ್ತಿ ಹೋದರೆ ಕಿಟಕಿಯ ಹಿಂದಿನವರು ‘ಊಟಕ್ಕೆ ಹೋಗಿದ್ದಾರೆ’. ಹುಬ್ಬಳ್ಳಿ–ಅಂಕೋಲಾ ರೈಲಿಗೆ ಅಡಿಗಲ್ಲು ಹಾಕಿ ಕಾಲು ಶತಮಾನವಾಯಿತು. ಆಗ ಹುಟ್ಟಿದ ಮಕ್ಕಳು ಈಗ ಯುವ ಹಬ್ಬ ಮಾಡುವ ವಯಸ್ಸಿಗೆ ಬಂದರು, ರೈಲು ಬರಲಿಲ್ಲ. ದೊಡ್ಡಾಸ್ಪತ್ರೆ ಕೊಡಿ ಎಂದು ಕೇಳಿ ಗಂಟಲು ಒಣಗಿತು, ಇನ್ನೂ ಮಣಿಪಾಲ, ಮಂಗಳೂರು, ಗೋವಾ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಅದಾಗಿ ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ನೀರಿಗೆ ಬಿತ್ತು. ಎರಡೂ ಸಲ ಬಂದು ಹೋದ ಕಾರುಗಳ ಸಾಲು ನಾವು ನೋಡಿದ್ದೇವೆ. ನಮ್ಮೂರಿನ ಸಭಾಭವನದ ಮಾಡು ಮಳೆಗಾಲದಲ್ಲಿ ಹೇಗೆ ಸೋರುತ್ತದೆ ಎಂಬುದನ್ನು ನೋಡಲು ಮಾತ್ರ ಒಂದು ಕಾರೂ ಬರುವುದಿಲ್ಲ. ಅಲ್ಲಿ ಮಕ್ಕಳು ಅಭ್ಯಾಸ ಮಾಡಿದ್ದು ಚಂಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿಟ್ಟು.

ವಾಪಸ್ ಬರುವಾಗ ಮಕ್ಕಳಿಗೆ ಊಟವೂ ಸರಿಯಾಗಿ ಆಗಿರಲಿಲ್ಲ. ನಮ್ಮ ಸರದಿ ಬರುವಷ್ಟರಲ್ಲಿ ಗೋಧಿ ಹುಗ್ಗಿ ಖಾಲಿ, ಉಳಿದದ್ದು ಅನ್ನ ಮತ್ತು ತಿಳಿಸಾರು. ಬಾಡಿಗೆ ಹಣ ಕೇಳಿದರೆ ಬಸ್ ಟಿಕೆಟ್ ಲಗತ್ತಿಸಿ ಎಂದರು. ಟೆಂಪೊದಲ್ಲಿ ಬಂದವರು ಬಸ್ ಟಿಕೆಟ್ ಎಲ್ಲಿಂದ ತರಬೇಕು? ಒಬ್ಬರು ಇನ್ನೊಬ್ಬರ ನಂಬರ್ ಕೊಡುತ್ತಾರೆ, ಅವರು ಮೀಟಿಂಗಿನಲ್ಲಿರುತ್ತಾರೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಮುಂದಿನ ವರ್ಷ ಈ ಹಬ್ಬವನ್ನು ಕಾರವಾರದಲ್ಲೋ ಕುಮಟಾದಲ್ಲೋ ಮಾಡಲಿ, ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರವೇ ಇದೆಯಲ್ಲ. ಅಲ್ಲಿ ಮಾಡುವುದಿಲ್ಲವಾದರೆ ನಮ್ಮನ್ನು ಕರೆಯಲೇ ಬೇಡಿ. ಕರೆದರೆ ವೇದಿಕೆಯ ಮೇಲೆ ಮೂವತ್ತು ದಾಟಿದವರಿಗೆ ಕುರ್ಚಿ ಹಾಕಬೇಡಿ. ಹಾಕಲೇಬೇಕಿದ್ದರೆ ಮೈಕ್ ಕೊಡಬೇಡಿ. ನೀವೂ ನಾಳೆಯ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿ, ಸಣ್ಣ ಅಕ್ಷರದಲ್ಲಾದರೂ ಸರಿ. ಇದ್ಯಾವುದೂ ಆಗದಿದ್ದರೆ ‘ಯುವ’ ಎಂಬುದನ್ನು ಅಳಿಸಿ ಸನ್ಮಾನ ಹಬ್ಬ ಎಂದೇ ಬ್ಯಾನರ್ ಬರೆಸಿ, ಶಾಲು ಹೊದ್ದವರೇ ಕೂತು ಶಾಲು ಹೊದ್ದವರಿಗೆ ಚಪ್ಪಾಳೆ ತಟ್ಟಿಕೊಳ್ಳಲಿ. ನಾಚಿಕೆಯಾಗಬೇಕು.

– ಒಬ್ಬ ಪಾಲಕ, ಕುಮಟಾ