ಡಿಸೆಂಬರ್ ಕ್ರೂಸ್: ಯಾವ ಹಡಗು? ಭಾನುವಾರದೊಳಗೆ ಹೇಳಿ

ಎಲ್ಲರಿಗೂ ನಮಸ್ಕಾರ. ಈಗ ಉಳಿದಿರುವುದು ಎರಡೇ ಹಡಗು. ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್, ಸಿಂಗಾಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್.

ಮಕ್ಕಳ ಮನಸ್ಸು ಡ್ರೀಮ್ ಮೇಲಿದೆ ಅಂತ ಗೊತ್ತು. 2016ರ ಹಡಗು, ನೀರಿನ ಜಾರುಬಂಡಿ ಇದೆ, ದೊಡ್ಡದಾದ್ದರಿಂದ ಅಲುಗಾಟವೂ ಕಡಿಮೆ. ಆದರೆ ಅದರ ಉದ್ದ 335 ಮೀಟರ್. ಕೋಣೆ ಒಂದು ತುದಿಗೆ ಸಿಕ್ಕರೆ ಪ್ರತಿ ಊಟಕ್ಕೂ ಅಜ್ಜಿ ಅಷ್ಟು ದೂರ ನಡೆಯಬೇಕು. ವಿಮಾನ, ವೀಸಾ ಖರ್ಚು ಬೇರೆ.

ಎಂಪ್ರೆಸ್ 1990ರದ್ದು, ಹಳೆಯದು. ಉದ್ದ ಸುಮಾರು 211 ಮೀಟರ್ ಅಷ್ಟೇ. ಅಜ್ಜಿಗೆ ಇದೇ ಸುಲಭ ಅಂತ ನನಗೆ ಅನಿಸುತ್ತದೆ. ಆದರೆ ಲಕ್ಷದ್ವೀಪದ ಟ್ರಿಪ್ ಬೇಡ. ಅಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ಸಮುದ್ರದಲ್ಲೇ ನಿಲ್ಲುತ್ತದೆ. ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ಕಾಲಿಟ್ಟು ಇಳಿಯಬೇಕು. ಮಂಡಿ ನೋವಿರುವ ಅಜ್ಜಿಗೆ ಅದು ಆಗುವ ಮಾತಲ್ಲ, ಅಲ್ವಾ? ಅವರನ್ನು ಹಡಗಿನಲ್ಲೇ ಬಿಟ್ಟು ನಾವು ಸುತ್ತಾಡುವುದು ನನಗೆ ಇಷ್ಟವಿಲ್ಲ. ಗೋವಾ ಟ್ರಿಪ್ಪೇ ಇರಲಿ.

ಕೋಣೆ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕೇಳೋಣ. ಅಲ್ಲಿ ತೂಗಾಟ ಕಡಿಮೆ. ಅಜ್ಜಿ ಕೋಣೆಗೆ ಕಿಟಕಿ ಇರಲೇಬೇಕು, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ.

ಅತ್ತಿಗೆ, ಪಾಪುಗೆ ಆಗ ಎಷ್ಟು ತಿಂಗಳಾಗುತ್ತದೆ? ಆರು ತಿಂಗಳು ತುಂಬದ ಮಗುವನ್ನು ಸಾಮಾನ್ಯವಾಗಿ ಕ್ರೂಸ್‌ಗೆ ಹತ್ತಿಸಿಕೊಳ್ಳುವುದಿಲ್ಲ. ದೊಡ್ಡಪ್ಪ, ನಿಮ್ಮ ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗ್ ಕೋಣೆಗೆ ಬರಲು ತಡವಾಗಬಹುದು.