ಮಗಳಿಗೊಂದು ಪತ್ರ: ಇಳಿಜಾರಿನಲ್ಲಿ ಎಕ್ಸಲೇಟರ್ ಬಿಡಬೇಡ

ನೀರ್ಚಾಲು

ಪ್ರೀತಿಯ ಮಗಳೇ,

ಅಜ್ಜನ ಹಳೇ ಚೇತಕ್ ಸ್ಕೂಟರ್ ಓಡಿತು! ಫೋನಿನಲ್ಲಿ ಹೇಳಿದರೆ ನೀನು "ಸೂಪರ್ ಅಮ್ಮಾ" ಅಂತ ಹೇಳಿ ಮೀಟಿಂಗಿಗೆ ಹೋಗಿಬಿಡುತ್ತೀ, ಅದಕ್ಕೇ ಕಾಗದ. ದೀಪಾವಳಿಗೆ ಬಂದವಳು ಬ್ಯಾಗ್ ಇಳಿಸುವ ಮೊದಲೇ ಅದರ ಕೀ ಕೇಳುತ್ತೀ ಅಂತ ಗೊತ್ತುಂಟು. ಕೊಡುತ್ತೇನೆ, ಇದನ್ನು ಪೂರ್ತಿ ಓದಿದ್ದರೆ ಮಾತ್ರ.

ಅಜ್ಜ ಹೋದ ಮೇಲೆ ಅಡಿಕೆ ಕೊಟ್ಟಿಗೆಯಲ್ಲಿ ನಿಂತೇ ಇತ್ತಲ್ಲ, ಪಿಸ್ಟನ್ನಿನ ರಿಂಗುಗಳು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಂಡಿದ್ದವು. ಪಿಸ್ಟನ್ ತಿರುಗಿಸುವ ದಂಡ, ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು ಒಣಗಿ ಕಡ್ಡಿಯಾಗಿದ್ದವು. ಮ್ಯಾಗ್ನೆಟ್ ಬದಿಯ ಸೀಲು ಹೋದರೆ ಇಂಜಿನ್ ಗಾಳಿ ಎಳೆದುಕೊಂಡು ವಿಪರೀತ ಕಾಯುತ್ತದೆ. ಕ್ಲಚ್ ಬದಿಯದ್ದು ಹೋದರೆ ಗೇರಿನ ಆಯಿಲನ್ನೇ ಕುಡಿದು ರಸ್ತೆ ತುಂಬ ಬಿಳಿ ಹೊಗೆ ಬಿಡುತ್ತದೆ. ಬೋರ್ ಹೊಡೆಸಿದ್ದು, ಅಂದರೆ ಸಿಲಿಂಡರಿನ ಒಳಗನ್ನು ಕೊರೆದು ನಯ ಮಾಡಿಸಿದ್ದು, ಮಂಗಳೂರಿನಲ್ಲಿ. ಉಳಿದದ್ದೆಲ್ಲ ಬದಿಯಡ್ಕದ ಮೆಕ್ಯಾನಿಕ್ ಮತ್ತು ನಾನು ನಮ್ಮ ಜಗಲಿಯಲ್ಲೇ ಮಾಡಿದೆವು, ಅವರು ಮಲಯಾಳದಲ್ಲಿ, ನಾನು ಕನ್ನಡದಲ್ಲಿ, ಜಗಳ ಬಂದಾಗ ಇಬ್ಬರೂ ತುಳುವಿನಲ್ಲಿ. ಅಪ್ಪನ ಕೆಲಸ ಚಾ ತಂದುಕೊಡುವುದು, ಗುಜರಿಗೆ ಹಾಕಿದರೆ ಎಷ್ಟು ಸಿಕ್ಕೀತು ಅಂತ ನಡುನಡುವೆ ವಿಚಾರಿಸುವುದು.

ರಿಂಗ್ ಕೂರಿಸುವ ಹೊತ್ತು ನೀನಿರಬೇಕಿತ್ತು. ಪಿಸ್ಟನ್ನಿನ ಸುತ್ತ ರಿಂಗ್ ಕೂರುವ ತೋಡಿನಲ್ಲಿ ಸಾಸಿವೆಗಿಂತ ಸಣ್ಣ ಪಿನ್ ಉಂಟು. ರಿಂಗಿನ ಎರಡು ತುದಿ ಆ ಪಿನ್ನಿನ ಆಚೆ ಈಚೆ ಸರಿಯಾಗಿ ಕೂರಬೇಕು. ಸ್ವಲ್ಪ ತಿರುಗಿದ್ದರೂ ಸಿಲಿಂಡರ್ ತಳ್ಳುವಾಗ ರಿಂಗ್ ಮುರಿಯುತ್ತದೆ. ಬೆರಳಲ್ಲಿ ಒತ್ತಿ ಹಿಡಿದು, ಆಯಿಲ್ ಸವರಿ, ಉಸಿರು ಬಿಗಿಹಿಡಿದು ತಳ್ಳಿದೆ. ಮೊದಲನೆಯದು ಒಳಗೆ ಹೋಯಿತು, ಎರಡನೆಯದೂ ಹೋಯಿತು. ಮೆಕ್ಯಾನಿಕ್ ಮಾತಾಡದೆ ಸ್ಪ್ಯಾನರ್ ನನ್ನ ಕೈಗೇ ಕೊಟ್ಟರು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ವಿಜ್ಞಾನ ಪಾಠ ಮಾಡಿದ್ದಕ್ಕೆ ಸಿಕ್ಕಿದ ದೊಡ್ಡ ಸರ್ಟಿಫಿಕೇಟು ಅದು.

ನಿನ್ನ ಚೇತಕ್ಕಿಗೂ ಇದಕ್ಕೂ ಹೆಸರೊಂದು ಬಿಟ್ಟರೆ ನೆಂಟಸ್ತಿಕೆ ಇಲ್ಲ. ನಿನ್ನದು 2020ರಲ್ಲಿ ಬಂದ ಕರೆಂಟಿನದು. ಇದು ಬಜಾಜಿನವರು ವೆಸ್ಪಾ ಸ್ಕೂಟರ್ ಮಾಡುವ ಇಟಲಿಯ ಪಿಯಾಜಿಯೋ ಜತೆಗಿನ ಒಪ್ಪಂದ ಮುಗಿದ ಮೇಲೆ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ತಂದ ಗಾಡಿ. ಹೆಸರು ನಮ್ಮದು, ಮೈಕಟ್ಟು ಮಾತ್ರ ವೆಸ್ಪಾದ್ದೇ. ಒಂದು ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ವಿದೇಶಿ ಹಣದಲ್ಲಿ ಕಟ್ಟಿದವರಿಗೆ ಬೇಗ ಸಿಕ್ಕುತ್ತಿತ್ತು. ಹಾಗಾಗಿ ಗಲ್ಫಿನಲ್ಲಿ ಜನ ಇದ್ದ ನಮ್ಮ ಕಾಸರಗೋಡಿನ ಮನೆಗಳ ಅಂಗಳಕ್ಕೆ ಸ್ಕೂಟರ್ ಸ್ವಲ್ಪ ಮೊದಲೇ ಬಂತು. ಅಜ್ಜನದೂ ಹಾಗೆ ಬಂದದ್ದೇ, ದುಡ್ಡು ಕಳಿಸಿದ ಭಾವನಿಗೆ ಅಜ್ಜ ಎಂದೂ ಥ್ಯಾಂಕ್ಸ್ ಹೇಳಿದ್ದಿಲ್ಲ, ಅದು ಬೇರೆ ಕತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದು ಟೂ ಸ್ಟ್ರೋಕ್, 145 ಸಿಸಿ. ಇಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನ ಒಳಗೇ ಬೆರೆತು ಬರಬೇಕು, ಬೇರೆ ದಾರಿ ಇಲ್ಲ. ಮಾಮೂಲಿಗೆ ಲೀಟರಿಗೆ 20 ಮಿಲಿ ಸಾಕು, ಹೊಸ ಬೋರ್ ಪಳಗುವ ತನಕ ನಾನು 40 ಹಾಕುತ್ತಿದ್ದೇನೆ. ಪಿಸ್ಟನ್ ಅಲ್ಯೂಮಿನಿಯಂ, ಬೋರ್ ಎರಕದ ಕಬ್ಬಿಣ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆಯಿಲ್ ಸಾಲದೆ ಬಿಸಿ ಏರಿತೋ, ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಓಡುತ್ತಿದ್ದ ಹಾಗೇ ನಿಂತುಬಿಡುತ್ತದೆ. ಮತ್ತೆ ಉಳಿಯುವುದು ನೀನು ಮತ್ತು ಡಾಂಬರು.

ಜನ ಹೆದರುವುದು ಏರಿಗೆ. ನನಗೆ ಹೆದರಿಕೆ ಇಳಿಜಾರಿನದ್ದು. ಏರಿನಲ್ಲಿ ಎಕ್ಸಲೇಟರ್ ತೆರೆದಿರುತ್ತದೆ, ಪೆಟ್ರೋಲಿನ ಜತೆ ಆಯಿಲೂ ಹೋಗುತ್ತಿರುತ್ತದೆ. ಇಳಿಜಾರಿನಲ್ಲಿ ನೀನು ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ, ಬಾಯಿಗೆ ಮಾತ್ರ ಆಯಿಲ್ ಹೆಸರಿಗಷ್ಟೇ. ನಿನ್ನ ಕರೆಂಟಿನ ಗಾಡಿಯಲ್ಲಿ ಕೈಬಿಟ್ಟರೆ ಬ್ಯಾಟರಿಗೆ ಲಾಭ, ಇಲ್ಲಿ ಕೈಬಿಟ್ಟರೆ ಬೋರಿಗೆ ಗೀರು. ನಡುನಡುವೆ ಕ್ಲಚ್ ಹಿಡಿದು ಎಕ್ಸಲೇಟರ್ ಒಮ್ಮೆ ತಿರುಪಿ ಬಿಡು. ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ. ಸದ್ದು ಬಿಗಿಯಾದ ಹಾಗೆ, ಗಾಡಿ ಹಿಂದಕ್ಕೆ ಎಳೆದ ಹಾಗೆ ಕಂಡರೆ ಯೋಚನೆ ಮಾಡಲು ಕೂರಬೇಡ, ಕ್ಲಚ್ ಒತ್ತು. ಅಜ್ಜ ಪೆಟ್ರೋಲ್ ಉಳಿಸಲು ಗುಡ್ಡೆ ಇಳಿಯುವಾಗ ಇಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಬರುತ್ತಿದ್ದರು. ಇಂಜಿನ್ನಿಗೆ ಅದರಿಂದ ಏನೂ ಆಗಲಿಲ್ಲ, ಹಿಂದೆ ಕೂತ ಅಜ್ಜಿಯ ಜೀವ ಬಾಯಿಗೆ ಬರುತ್ತಿತ್ತು. ಆ ವಿದ್ಯೆ ನಿನಗೆ ಬೇಡ.

ಮೊದಲ ಸವಾರಿಗೆ ಹೊರಟದ್ದು ಬೆಳಗ್ಗೆ, ಬಿಸಿಲೇರುವ ಮೊದಲು. ಒಂದು ಬದಿಗೆ ವಾಲಿಸಿ ಕಿಕ್ ಹೊಡೆದೆ, ಹೊತ್ತಿಕೊಂಡಿತು. ಜೋಡಿಸುವಾಗ ಸವರಿದ ಆಯಿಲ್ ಉರಿದು ಅಂಗಳವೆಲ್ಲ ಹೊಗೆ, ಅಪ್ಪ ಒಳಗೆ ಓಡಿದರು. ಸೀತಾಂಗೋಳಿ ತನಕ ಮೂರನೇ ಗೇರಿನಲ್ಲೇ ಹೋದೆ. ಒಂದೇ ಸ್ಪೀಡಿನಲ್ಲಿ ಓಡಿಸಬಾರದು, ಒಮ್ಮೆ ಕೊಡಬೇಕು, ಒಮ್ಮೆ ಬಿಡಬೇಕು, ಆಗ ರಿಂಗು ಬೋರಿಗೆ ಹೊಂದಿಕೊಳ್ಳುತ್ತದೆ. ನಾಲ್ಕನೆಯದಕ್ಕೆ ಹಾಕಿ ಎಳೆಯಲಾರದೆ ಗುಡುಗುಡು ಅನ್ನಿಸುವುದಂತೂ ಫುಲ್ ಎಕ್ಸಲೇಟರಿಗಿಂತ ಕೆಟ್ಟದು. ಆಮೇಲೆ ಮುರಕಲ್ಲಿನ ಬೋಳು ಪಾದೆಯ ನಡುವೆ ಅನಂತಪುರದ ಕಡೆಗೆ ತಿರುಗಿಸಿದೆ. ಒಂದು ಸಣ್ಣ ಏರಿನ ತುದಿಯಲ್ಲಿ, ಎಕ್ಸಲೇಟರ್ ಕೊಟ್ಟಿರುವಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿದೆ. ಗಾಳಿ, ಪೆಟ್ರೋಲ್ ಸರಿಯಾಗಿ ಬೆರೆಯುತ್ತಿದೆಯೋ ಅಂತ ಕಿಡಿ ಹೊತ್ತಿಸುವ ಪ್ಲಗ್ಗಿನ ಬಣ್ಣದಲ್ಲಿ ಗೊತ್ತಾಗುತ್ತದೆ. ಹಾಗೆ ನಿಲ್ಲಿಸಿದರೇ ಪ್ಲಗ್ ನಿಜ ಹೇಳುವುದು, ಸುಮ್ಮನೆ ಐಡ್ಲಿಂಗಿನಲ್ಲಿ ಬಿಟ್ಟು ನೋಡಿದರೆ ಸುಳ್ಳು ಹೇಳುತ್ತದೆ.

ಬಲಬದಿಯ ಡೂಮ್, ಅಂದರೆ ಇಂಜಿನ್ನಿನ ಮುಚ್ಚಳ, ತೆಗೆದು, ಬಟ್ಟೆ ಸುತ್ತಿ ಪ್ಲಗ್ ಬಿಚ್ಚಿದೆ. ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಸೀಲು ಪುನಃ ಬಿಚ್ಚಬೇಕು. ಕಪ್ಪು ಜಿಡ್ಡಾಗಿದ್ದರೆ ಪೆಟ್ರೋಲ್ ಜಾಸ್ತಿ. ನಮ್ಮದು ಸುಲಿದ ಚಾಲಿ ಅಡಿಕೆಯ ತಿಳಿಕಂದು ಬಣ್ಣಕ್ಕಿತ್ತು, ಅಂದರೆ ಸರಿಯಾಗಿಯೇ ಉಂಟು, ಅಂಚಿನಲ್ಲಿ ಮಾತ್ರ ಸ್ವಲ್ಪ ಮಸಿ, ಅದು ನಾನು ಹೆಚ್ಚು ಹಾಕಿದ ಆಯಿಲಿನದ್ದು. ಇಂಜಿನ್ ತಣಿಯುವಷ್ಟು ಹೊತ್ತು ದೇವಸ್ಥಾನದ ಕೆರೆಯ ಕಟ್ಟೆಯಲ್ಲಿ ಕೂತೆ. ಆ ಕೆರೆಯ ಮೊಸಳೆ ಬಬಿಯಾ 2022ರಲ್ಲಿ ಸತ್ತ ಮೇಲೆ ಹೊಸ ಮೊಸಳೆ ಬಂದಿದೆಯಲ್ಲ, ಅದು ನನಗೆ ಕಾಣಿಸಲಿಲ್ಲ. ಕುಂಬಳೆಗೆ ಇಳಿಯುವಾಗ ಎಕ್ಸಲೇಟರ್ ತಿರುಪುತ್ತಾ ತಿರುಪುತ್ತಾ ಹೋದದ್ದಕ್ಕೆ ರಿಕ್ಷಾದವನೊಬ್ಬ "ಟೀಚರಿಗೆ ರೇಸಾ?" ಅಂತ ಕೇಳಿದ. ಹೇಳಲಿ ಬಿಡು.

ಹೆದ್ದಾರಿಗೆ ಸದ್ಯ ಇಳಿಸುವುದಿಲ್ಲ, ನೀನೂ ಇಳಿಸಬಾರದು. ಡ್ರಮ್ ಬ್ರೇಕು, ಹತ್ತಿಂಚಿನ ಚಕ್ರ, ಲಾರಿಗಳ ನಡುವೆ ಅದು ಬೇಡ. ಪೆರ್ಲದ ಕಡೆಗೆ ಒಟ್ಟಿಗೆ ಹೋಗುವಾ, ಹೋಗುವಾಗ ನಾನು, ಬರುವಾಗ ನೀನು. ಪುಣೆಯ ಹಳೇ ಸ್ಪೇರ್ ಅಂಗಡಿಗಳಲ್ಲಿ ಸಿಕ್ಕಿದರೆ ಒಂದು ಕ್ಲಚ್ ಕೇಬಲ್, ಹಿಂದಿನ ಬ್ರೇಕ್ ಶೂ ಒಂದು ಜತೆ ತಾ. ಅಪ್ಪನಿಗೆ ಬಾಕರವಾಡಿ ಬೇಕಂತೆ, ಎರಡು ಪ್ಯಾಕೆಟ್.

ಇಂತಿ,
ಅಮ್ಮ