ಕಾಡಿಗೆ ಹೋಗುವಾಗ ಸೆಂಟ್ ಬೇಡ, ಗಾಳಿ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಉಡುಪಿ, ಮಂಗಳೂರು ಕಡೆಯ ಹುಡುಗ ಹುಡುಗಿಯರು ರಜೆ ಸಿಕ್ಕಿದರೆ ಘಟ್ಟ ಹತ್ತುವುದು ಈಗ ಜಾಸ್ತಿ ಆಗಿದೆ. ಸಂತೋಷವೇ. ಪ್ಲಾಸ್ಟಿಕ್ ಬಿಸಾಡಬೇಡಿ, ಗಲಾಟೆ ಮಾಡಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮೈ ವಾಸನೆಯ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ಹೋದ ಅಕ್ಟೋಬರಿನಲ್ಲಿ ತಂಗಿಯ ಮಗ ಮತ್ತು ಅವನ ಗೆಳೆಯರ ಜೊತೆ ಕುದುರೆಮುಖಕ್ಕೆ ಹೋಗಿದ್ದೆ. ಮುಳ್ಳೋಡಿಯಿಂದ ಬೆಳಿಗ್ಗೆ ಬೇಗ ನಡೆಯಲು ಶುರು ಮಾಡಿದೆವು. ಗೈಡ್ ಆಗಿ ಬಂದವರು ಆ ಊರಿನವರೇ. ಒಂಬತ್ತು ಗಂಟೆ ದಾಟಿತ್ತು, ಬಿಸಿಲು ಬಿದ್ದಿತ್ತು. ನಮಗಿಂತ ಮೇಲೆ, ಶೋಲೆ ಕಾಡು, ಅಂದರೆ ಗುಡ್ಡದ ಮಡಿಕೆಯ ದಟ್ಟ ಕಾಡು, ಮುಗಿದು ಹುಲ್ಲು ಶುರುವಾಗುವ ಜಾಗದಲ್ಲಿ, ಒಂದು ಹೆಣ್ಣು ಕಡವೆ ಮೇಯುತ್ತಾ ಇತ್ತು, ಅದರ ಹಿಂದೆ ಮರಿ. ಗೈಡ್ ಕೈ ಎತ್ತಿ "ಕೂತ್ಕೊಳ್ಳಿ ಮಾರಾಯ್ರೆ" ಎಂದರು. ಕೂತೆವು. ಯಾರೂ ಮಾತಾಡಲಿಲ್ಲ, ಅಲುಗಾಡಲಿಲ್ಲ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಕಡವೆ ತಲೆ ಎತ್ತಿ ಮೂಗನ್ನು ನಮ್ಮ ಕಡೆ ಮಾಡಿತು, ಮುಂಗಾಲನ್ನು ನೆಲಕ್ಕೆ ಬಡಿಯಿತು, ಇಡೀ ಕಣಿವೆಗೆ ಕೇಳುವ ಹಾಗೆ ಒಂದು ಕೂಗು ಹಾಕಿ ಮರಿಯನ್ನು ಕರೆದುಕೊಂಡು ಮರಗಳ ಒಳಗೆ ಹೋಯಿತು.

ಹುಡುಗರು ಒಬ್ಬರಿಗೊಬ್ಬರು ಬೈದುಕೊಂಡರು, ನೀನು ಎದ್ದೆ, ನೀನು ಫೋನ್ ತೆಗೆದೆ ಅಂತ. ಗೈಡ್ ಹೇಳಿದರು, "ಅದು ನಿಮ್ಮನ್ನು ನೋಡಿ ಓಡಿದ್ದಲ್ಲ, ಮೂಸಿ ಓಡಿದ್ದು." ಹತ್ತು ನಿಮಿಷದ ಹಿಂದೆ ತೋಡಿನ ಹತ್ತಿರ ಇಬ್ಬರು ಹುಡುಗರು ಬೆವರಿದ ಟೀಶರ್ಟಿನ ಮೇಲೆಯೇ ಬಾಡಿ ಸ್ಪ್ರೇ ಹೊಡೆದುಕೊಂಡಿದ್ದರು. ಇನ್ನೊಬ್ಬ ಜಿಗಣೆಗೆ ಅಂತ ಕಾಲಿಗೆಲ್ಲಾ ನಶ್ಯದ ಪುಡಿ ಮೆತ್ತಿಕೊಂಡಿದ್ದ. ಅವರನ್ನು ದೂರುವುದಿಲ್ಲ, ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

ಬೆವರಿಗೆ ಅದರದೇ ಆದ ವಾಸನೆ ತುಂಬಾ ಕಡಿಮೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆವರನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅದಕ್ಕೇ ನಿನ್ನೆ ಹಾಕಿದ ಬನಿಯನ್ ಇವತ್ತು ಅಷ್ಟು ನಾರುವುದು. ಅದರ ಮೇಲೆ ಸೆಂಟ್ ಹೊಡೆದರೆ ಬೆವರಿನ ವಾಸನೆ ಹೋಗುವುದಿಲ್ಲ, ಎರಡು ವಾಸನೆ ಆಗುತ್ತದೆ ಅಷ್ಟೇ. ನಮ್ಮ ಮೂಗಿಗೆ ಅದು ಒಂದೇ ಅನ್ನಿಸಬಹುದು, ಕಡವೆಯ ಮೂಗು ಎರಡನ್ನೂ ಬೇರೆ ಬೇರೆಯಾಗಿ ಹಿಡಿಯುತ್ತದೆ. ಹುಲಿ, ಸೀಳುನಾಯಿ ಇರುವ ಕಾಡಿನಲ್ಲಿ ಅದು ಬದುಕಿ ಉಳಿದದ್ದೇ ಆ ಒದ್ದೆ ಮೂಗಿನಿಂದ. ಬಣ್ಣದ ವಿಷಯದಲ್ಲಿ ಅದರ ಕಣ್ಣು ನಮ್ಮಷ್ಟು ಚುರುಕಲ್ಲ, ಕೆಂಪು ಹಸಿರಿನ ವ್ಯತ್ಯಾಸ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಎಲೆ ಬಣ್ಣದ ದುಬಾರಿ ಪ್ಯಾಂಟ್ ತಗೊಂಡು, ಅದರ ಮೇಲೆ ಅರ್ಧ ಬಾಟಲಿ ಸೆಂಟ್ ಹೊಡೆದರೆ ಏನು ಪ್ರಯೋಜನ, ಅಲ್ವಾ?

ವಾಪಸ್ ಬರುವಾಗ ಜೀಪಿನಲ್ಲಿ ತಂಗಿಯ ಮಗ ಫೋನಿನಲ್ಲಿ ಅಮೆರಿಕದ ಜಿಂಕೆ ಬೇಟೆಗಾರರ ವಿಡಿಯೋ ತೋರಿಸಿದ. ಅವರು ವಾಸನೆಗಾಗಿ ಮಾಡುವ ತಯಾರಿ ನೋಡಿ ಆಶ್ಚರ್ಯ ಆಯಿತು. ಪರಿಮಳ ಇಲ್ಲದ ಸೋಪಿನಲ್ಲಿ ಸ್ನಾನ, ಪರಿಮಳ ಇಲ್ಲದ ಪುಡಿಯಲ್ಲಿ ಬಟ್ಟೆ ಒಗೆದು ಹೊರಗೆ ಒಣಗಿಸಿ ಮುಚ್ಚಳ ಇರುವ ಡಬ್ಬದಲ್ಲಿ ಇಡುವುದು, ಕಾಡಿಗೆ ಮುಟ್ಟಿದ ಮೇಲೆಯೇ ಅದನ್ನು ಹಾಕುವುದು, ರಬ್ಬರ್ ಬೂಟು, ಆ ಬೂಟಿನಲ್ಲಿ ಪೆಟ್ರೋಲ್ ಬಂಕಿಗೂ ಹೋಗದೆ ಇರುವುದು. ವಾಸನೆ ಹೀರಲಿ ಅಂತ ಇದ್ದಿಲಿನ ಪದರ ಇರುವ ಬಟ್ಟೆಯೂ ಮಾರಾಟಕ್ಕೆ ಉಂಟಂತೆ. ಇಷ್ಟೆಲ್ಲಾ ಮಾಡಿದ ಮೇಲೂ ಅನುಭವ ಇರುವವರು ಕೊನೆಗೆ ಹೇಳುವುದು ಒಂದೇ, ಗಾಳಿಯನ್ನು ಮುಖಕ್ಕೆ ಇಟ್ಟುಕೊಂಡು ಹೋಗು, ಬೆನ್ನಿಗೆ ಇದ್ದರೆ ನಿನ್ನ ತಯಾರಿ ಎಲ್ಲಾ ವ್ಯರ್ಥ.

ಇಲ್ಲಿ ಒಂದು ಮಾತು ಖಡಾಖಂಡಿತ ಹೇಳಬೇಕು. ಅಲ್ಲಿ ಬೇಟೆಗೆ ಲೈಸೆನ್ಸ್ ಉಂಟು, ಇಂಥ ತಿಂಗಳು ಅಂತ ಉಂಟು, ಇಷ್ಟೇ ಹೊಡೆಯಬಹುದು ಅನ್ನುವ ಲೆಕ್ಕ ಉಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕಡವೆ, ಕಾಡುಕುರಿ ಯಾವುದನ್ನು ಬೇಟೆ ಆಡಿದರೂ ಜೈಲು. ಉರುಳು ಹಾಕುವುದು, ಓಡಿಸಿ ಹಿಡಿಯುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಇಂಥ ವಿಡಿಯೋ ನೋಡಿ "ನಾವೂ ಒಂದು ಸಲ" ಅಂತ ಬರೆಯುವ ಹುಡುಗರು ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲೂ ಇದ್ದಾರೆ, ಅದು ನೋಡಿ ಹೊಟ್ಟೆ ಉರಿಯುತ್ತದೆ. ಹೀಗೆಲ್ಲಾ ಪೇಪರಿನಲ್ಲಿ ಬರೆದರೆ ಕಳ್ಳ ಬೇಟೆಯವರಿಗೆ ಹೇಳಿಕೊಟ್ಟ ಹಾಗೆ ಆಗುವುದಿಲ್ಲವಾ ಅಂತ ನನ್ನ ಹೆಂಡತಿ ಕೇಳಿದಳು. ಅವರಿಗೆ ಇದು ಮೊದಲಿಂದ ಗೊತ್ತಿದೆ. ಗೊತ್ತಿಲ್ಲದಿರುವುದು ಸುಮ್ನೆ ನೋಡಲು ಹೋಗುವ ನಮಗೆ.

ಹಾಗಾದರೆ ಗಾಳಿ ನೋಡುವುದು ಹೇಗೆ? ಮಲ್ಪೆಯ ಮೀನುಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ನೆಲದ ಕಡೆ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ಕಡಲಿಗೆ ಹೋಗುತ್ತದೆ. ಗುಡ್ಡದಲ್ಲೂ ಹೆಚ್ಚು ಕಡಿಮೆ ಹೀಗೆಯೇ. ರಾತ್ರಿ ತಣ್ಣಗಾದ ಗಾಳಿ ಭಾರ, ಅದು ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ, ಬೆಳಗಿನ ಜಾವವೂ ಹಾಗೆಯೇ ಇರುತ್ತದೆ. ಬಿಸಿಲು ಬಿದ್ದು ಗುಡ್ಡದ ಮೈ ಕಾದ ಮೇಲೆ ಗಾಳಿ ಮೇಲಕ್ಕೆ ಏಳುತ್ತದೆ. ನಾವು ಏಳು ಗಂಟೆಗೆ ಅದೇ ಜಾಗದಲ್ಲಿ ಇದ್ದಿದ್ದರೆ ನಮ್ಮ ವಾಸನೆ ನಮ್ಮ ಹಿಂದೆ ಕಣಿವೆಗೆ ಇಳಿಯುತ್ತಿತ್ತು. ಒಂಬತ್ತಕ್ಕೆ ಅದು ನೇರ ಮೇಲೆ, ಕಡವೆಯ ಮೂಗಿಗೆ ಹೋಯಿತು. ಜೋರು ಗಾಳಿ ಇರುವ ದಿನ ಈ ಲೆಕ್ಕ ತಪ್ಪುತ್ತದೆ, ಅದಕ್ಕೆ ಆಗಾಗ ನೋಡುತ್ತಲೇ ಇರಬೇಕು. ಒಂದು ಚಿಟಿಕೆ ಒಲೆಯ ಬೂದಿ ಮೇಲಿಂದ ಬಿಟ್ಟರೆ ಸಾಕು, ಯಾವ ಕಡೆ ಹಾರುತ್ತದೆ ಅಂತ ಗೊತ್ತಾಗುತ್ತದೆ. ಬೂರುಗದ ಅರಳೆಯ ಒಂದು ಎಳೆ ಇನ್ನೂ ಒಳ್ಳೆಯದು, ಅದು ದೂರದವರೆಗೆ ತೇಲುತ್ತಾ ಹೋಗಿ ದಾರಿ ತೋರಿಸುತ್ತದೆ.

ಡಿಸೆಂಬರಿನಲ್ಲಿ ಅದೇ ಗೈಡ್ ಜೊತೆ ನಾನು ಮತ್ತು ತಂಗಿಯ ಮಗ ಇಬ್ಬರೇ ಹೋದೆವು. ಹಿಂದಿನ ದಿನ ಕಡಲೆ ಹಿಟ್ಟು ಹಚ್ಚಿ ಸ್ನಾನ, ನೀರಿನಲ್ಲಿ ಮಾತ್ರ ಜಾಲಾಡಿ ಬಿಸಿಲಿಗೆ ಒಣಗಿಸಿದ ಅಂಗಿ, ತಲೆಗೆ ಎಣ್ಣೆ ಇಲ್ಲ, ಬುತ್ತಿಗೆ ಮೀನು ಇಲ್ಲ, ಕಿಸೆಯಲ್ಲಿ ಬೂದಿಯ ಪೊಟ್ಟಣ. ಕಡವೆ ಸಿಗಲಿಲ್ಲ. ಆದರೆ ಒಂದು ಕಾಡುಕುರಿ ನಮ್ಮಿಂದ ಮೂವತ್ತು ಹೆಜ್ಜೆಯಲ್ಲಿ ಕಾಲು ಗಂಟೆಗಿಂತ ಜಾಸ್ತಿ ಹೊತ್ತು ಮೇಯ್ದು, ತಾನಾಗಿಯೇ ಹೋಯಿತು. ಫೋಟೋಕ್ಕೆ ಅಂತ ಒದ್ದಾಡುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಫೋಟೋ ಬಿಡಿ, ನನಗೆ ಅಕ್ಟೋಬರಿನಲ್ಲಿ ಕಂಡ ಆ ಕಡವೆ ಮರಿಯದ್ದೇ ಚಿಂತೆ. ನಮ್ಮಲ್ಲಿ ಕೃಷಿಕರು ಹಂದಿ ಬಾರದೆ ಇರಲಿ ಅಂತ ಸೆಲೂನಿನಿಂದ ಕೂದಲು ತಂದು ಗದ್ದೆಯ ಸುತ್ತ ಹಾಕುವುದು ಉಂಟು, ಮನುಷ್ಯನ ವಾಸನೆಯೇ ಒಂದು ಬೇಲಿ ಆಗಲಿ ಅಂತ. ನಾವು ಚಾರಣದವರು ಅದೇ ಬೇಲಿಯನ್ನು ಕಡವೆ ಮೇಯುವ ಜಾಗದಲ್ಲಿಯೇ ಹಾಕಿ ಬರುತ್ತಿದ್ದೇವೆ. ಶನಿವಾರ, ಭಾನುವಾರ ಒಂದು ಗುಂಪಿನ ಹಿಂದೆ ಇನ್ನೊಂದು ಗುಂಪು. ತಾಯಿ ಎಷ್ಟು ಸಲ ಮೇವು ಬಿಟ್ಟು ಓಡಬೇಕು? ಎಳೆ ಮರಿಯನ್ನು ತಾಯಿ ಹುಲ್ಲಿನಲ್ಲಿ ಮಲಗಿಸಿ ದೂರ ಹೋಗುತ್ತದೆ, ಹಾಲು ಕೊಡಲು ಮಾತ್ರ ಬರುತ್ತದೆ. ಮರಿಗೆ ವಾಸನೆ ಕಡಿಮೆ, ಅದೇ ಅದರ ರಕ್ಷಣೆ. ನಾವು ಹತ್ತಿರ ಸುಳಿದಾಡುತ್ತಾ ಇದ್ದರೆ ತಾಯಿ ಬರುವುದಿಲ್ಲ. ಅಂಥ ಮರಿ ಕಂಡರೆ ಪಾಪ, ತಬ್ಬಲಿ ಅಂತ ಎತ್ತಿಕೊಂಡು ಬರಬೇಡಿ, ಮುಟ್ಟಬೇಡಿ, ಕೂಡಲೇ ಅಲ್ಲಿಂದ ಹೊರಡಿ.

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಎಷ್ಟೋ ಜನ ವರ್ಷಗಟ್ಟಲೆ ಹೋರಾಡಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಗೆ ಅಲ್ಲಿಯ ಗಣಿ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿದ ಬೆಟ್ಟಕ್ಕೆ ನಾವು ಸೆಂಟ್ ಇಲ್ಲದೆ ಹೋಗುವುದು ದೊಡ್ಡ ವಿಷಯ ಅಲ್ಲ.

ಅರಣ್ಯ ಇಲಾಖೆಯವರಲ್ಲಿ ನನ್ನ ವಿನಂತಿ: ಚಾರಣಕ್ಕೆ ಬುಕ್ ಮಾಡಿದವರಿಗೆ ಕಳಿಸುವ ಸೂಚನೆಯಲ್ಲಿ ಸೆಂಟ್, ಬಾಡಿ ಸ್ಪ್ರೇ, ಬೀಡಿ ಸಿಗರೇಟು ಬೇಡ ಅಂತ ಒಂದು ಸಾಲು ಸೇರಿಸಿ. ಚೀಲ ನೋಡುವಾಗ ಪ್ಲಾಸ್ಟಿಕ್ ಜೊತೆ ಸ್ಪ್ರೇ ಡಬ್ಬವನ್ನೂ ಗೇಟಿನಲ್ಲೇ ಇರಿಸಿಕೊಂಡು, ವಾಪಸ್ ಬರುವಾಗ ಕೊಡಿ. ಗೈಡುಗಳಿಗೆ ಗಾಳಿಯ ವಿಷಯ ಚೆನ್ನಾಗಿ ಗೊತ್ತಿದೆ, ಹೊರಡುವ ಮೊದಲು ಐದು ನಿಮಿಷ ಅವರಿಗೆ ಮಾತಾಡಲು ಬಿಡಿ. ಸಂಪಾದಕರೇ, ನೀವು ಚಾರಣದ ಲೇಖನ ಹಾಕುವಾಗ ಏನು ತೆಗೆದುಕೊಂಡು ಹೋಗಬೇಕು ಅಂತ ಬರೆಯುತ್ತೀರಲ್ಲಾ, ಅದರ ಕೆಳಗೆ ಏನು ಹಚ್ಚಿಕೊಳ್ಳಬಾರದು ಅಂತಲೂ ದಯವಿಟ್ಟು ಬರೆಯಿರಿ.

ಇಂತಿ,
ಮಣಿಪಾಲದ ಒಬ್ಬ ಓದುಗ